ಮಾತ್ರೆ ಕೊಟ್ಟರು, ಕೂತು ಮಾತಾಡಲಿಲ್ಲ



ಸ್ವಲ್ಪ ಉದ್ದ ಬರೆದಿದ್ದೀನಿ. ಬಿಡುವು ಮಾಡ್ಕೊಂಡು ಓದಿ. ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ. ಇದು ಅವರ ಮೈಯ ವಿಷಯ.

ಹೋದ ವಾರ ನಮ್ಮ ವೈ.ಎನ್.ಹೊಸಕೋಟೆ ಹೋಬಳಿಯ ಒಂದು ಎ.ಕೆ. ಕಾಲೊನಿಯಲ್ಲಿ ರಕ್ತ ತಪಾಸಣೆ ಶಿಬಿರ ಇತ್ತು. ಯಾರು ಮಾಡಿದರು ಅಂತ ಹೆಸರು ಹೇಳಲ್ಲ, ಹೆಸರು ಇಲ್ಲಿ ಮುಖ್ಯ ಅಲ್ಲ. ಬೆಳಗ್ಗೆ ಒಂಬತ್ತಕ್ಕೆ ಬಂದರು. ಕಾಲೊನಿಯೊಳಕ್ಕೆ ಬರಲಿಲ್ಲ, ರಸ್ತೆ ಬದಿಯ ಹುಣಸೆಮರದ ಕೆಳಗೆ ಟೇಬಲ್ ಹಾಕಿದರು. ಕಡ್ಲೆಕಾಯಿ ಬಿಡಿಸೋಕೆ ಹೊರಟಿದ್ದ ಹೆಂಗಸರನ್ನ ನಿಲ್ಲಿಸಿ ಸಾಲು ಮಾಡಿಸಿದರು. ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತ ಮಿಷನ್‌ಗೆ ಹಾಕಿ, ಬಂದ ನಂಬರನ್ನ ರಿಜಿಸ್ಟರ್‌ನಲ್ಲಿ ಬರ್ಕೊಂಡರು. ಒಂದು ಸ್ಟ್ರಿಪ್ ಮಾತ್ರೆ ಕೈಗೆ ಕೊಟ್ಟು "ಮುಂದೆ ಹೋಗಮ್ಮ" ಅಂದರು.

ಯಾರಿಗೂ ಚೀಟಿ ಕೊಡಲಿಲ್ಲ. ನನ್ನ ನಂಬರ್ ಎಷ್ಟು ಅಂತ ಒಬ್ಬ ಹೆಣ್ಣುಮಗಳಿಗೂ ಗೊತ್ತಿಲ್ಲ.

ನಾನು ಹೋಗಿ ಕೇಳಿದೆ. "ಸಾರ್, ಎಷ್ಟಿದೆ ಅಂತ ಅವರಿಗೆ ಒಂದು ಚೀಟಿ ಬರೆದುಕೊಡಿ." ಅಲ್ಲಿದ್ದ ಹುಡುಗ ನಗಾಡ್ಕೊಂಡೇ ಹೇಳಿದ: "ಎಲ್ರಿಗೂ ಕಮ್ಮಿನೇ ಐತೆ ಬಿಡಿ ಅಣ್ಣ. ಮಾತ್ರೆ ಕೊಟ್ರೆ ತಿನ್ನಲ್ಲ ಇವ್ರು. ನಿಮ್ ಕಡೆ ಹೆಂಗಸ್ರೇ ಹಂಗೆ."

ನಿಮ್ ಕಡೆ ಹೆಂಗಸ್ರೇ ಹಂಗೆ. ಈ ಮಾತಿಗೆ ಉತ್ತರ ಅಂತ ಈ ಬರಹ. ಆದರೆ ಆ ಹುಡುಗನ್ನ ಬಯ್ಯೋ ಮೊದಲು ನನ್ನ ಮನೆಯ ಕಥೆ ಹೇಳಬೇಕು. ಇಲ್ಲಾಂದ್ರೆ ಅದು ಮೋಸ ಆಗುತ್ತೆ.

2019ರಲ್ಲಿ ನಮ್ಮ ಎರಡನೇ ಮಗಳು ಹೊಟ್ಟೇಲಿದ್ದಾಗ ನನ್ನ ಹೆಂಡತಿಗೆ ಏಳು ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿದರು. 7.2 ಬಂತು. ಡಾಕ್ಟರಮ್ಮ ನನ್ನನ್ನ ಒಳಗೆ ಕರೆದು, "ಇನ್ನೊಂಚೂರು ಇಳಿದ್ರೆ ರಕ್ತ ಕೊಡಬೇಕಾಗುತ್ತೆ, ಹೆರಿಗೇಲಿ ರಕ್ತ ಹೋದ್ರೆ ಜೀವಕ್ಕೆ ಅಪಾಯ, ಮಾತ್ರೆ ತಿಂತಿದಾರಾ?" ಅಂತ ಕೇಳಿದರು. ನಾನು ಎದೆ ಸೆಟೆದು ತಿಂತಿದಾಳೆ ಮೇಡಂ ಅಂದೆ. ಮನೆಗೆ ಬಂದು ರೇಷನ್ ಕಾರ್ಡ್ ಹುಡುಕೋಕೆ ಅಂತ ಟ್ರಂಕು ತೆಗೆದರೆ, ಸೀರೆ ಮಡಿಕೆ ಒಳಗೆ ಕೆಂಪು ಮಾತ್ರೆಯ ಸ್ಟ್ರಿಪ್‌ಗಳು ಕಂತೆ ಕಂತೆ. ಒಂದೆರಡು ಮಾತ್ರೆ ಬಿಟ್ಟರೆ ಎಲ್ಲಾ ಹಂಗೇ ಇದ್ದವು.

ನಾನು ಕೂಗಾಡಿದೆ. ಅವಳು ಸುಮ್ಮನೆ ಇದ್ದಳು. ರಾತ್ರಿ ಊಟ ಆದ ಮೇಲೆ ನಿಧಾನಕ್ಕೆ ಹೇಳಿದಳು. "ಬೆಳಗ್ಗೆ ಖಾಲಿ ಹೊಟ್ಟೇಲಿ ತಿಂದ್ರೆ ವಾಂತಿ ಬತ್ತದೆ. ಕಡೆಗೋದ್ರೆ ಕಪ್ಪುಕಪ್ಪುಗೆ ಬತ್ತದೆ, ಒಳಗೇನೋ ಸುಟ್ಟೋಗೈತೆ ಅನ್ನಿಸ್ತು. ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗ್ತದೆ ಅಂತ ನಿಮ್ಮಮ್ಮನೇ ಅಂದ್ರು. ನಾನ್ ಯಾರನ್ನ ಕೇಳ್ಲಿ? ನೀವು ಮನೇಲಿ ಎಲ್ಲಿರ್ತೀರಾ?"

ಅವತ್ತಿನ ದಿನ ನಾನು ಎಲ್ಲಿದ್ದೆ? ಪಾವಗಡದಲ್ಲಿ ಸಂವಿಧಾನದ ಬಗ್ಗೆ ಭಾಷಣ ಮಾಡ್ತಿದ್ದೆ.

ಅವಳ ಮೂರೂ ಅನುಮಾನಕ್ಕೆ ಉತ್ತರ ಎರಡು ನಿಮಿಷದ್ದು. ಊಟ ಆಗಿ ಒಂದು ಗಂಟೆ ಬಿಟ್ಟು ರಾತ್ರಿ ಮಲಗೋ ಮುಂಚೆ ತಗೊಂಡ್ರೆ ವಾಂತಿ ಕಮ್ಮಿ. ಮಲ ಕಪ್ಪಾಗೋದು ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗೋದರಿಂದ, ಅದಕ್ಕೆ ಹೆದರಬೇಕಾಗಿಲ್ಲ. ಮಾತ್ರೆಯಿಂದ ಮಗು ಹೆರಿಗೆಗೆ ಆಗದಷ್ಟು ದಪ್ಪ ಆಗಲ್ಲ. ರಕ್ತ ಕಮ್ಮಿ ಇದ್ದರೇನೆ ಮಗು ತೂಕ ಕಮ್ಮಿ ಹುಟ್ಟೋ, ದಿನ ತುಂಬೋ ಮುಂಚೆ ಹುಟ್ಟೋ ಭಯ. ಈ ಎರಡು ನಿಮಿಷವನ್ನ ಏಳು ತಿಂಗಳಲ್ಲಿ ಯಾರೂ ಅವಳಿಗೆ ಕೊಡಲಿಲ್ಲ. ನಾನೂ ಕೊಡಲಿಲ್ಲ. ನನಗೂ ಗೊತ್ತಿರಲಿಲ್ಲ.

ಆಮೇಲೆ ಡಾಕ್ಟರಮ್ಮನೇ ಕೂರಿಸಿಕೊಂಡು ಹೇಳಿದರು. ದಿನಕ್ಕೆ ಎರಡು ಮಾತ್ರೆ ಶುರುವಾಯ್ತು. ಹೆರಿಗೆ ಹೊತ್ತಿಗೆ 9.6 ಆಯ್ತು. ಮಗು, ತಾಯಿ ಉಳಿದರು. ಎಲ್ಲರ ಮನೆಯಲ್ಲೂ ಹಿಂಗೆ ಮುಗಿಯಲ್ಲ ಅಂತ ನಮ್ಮ ಕೇರಿಯವರಿಗೆ ನಾನು ಹೇಳಬೇಕಾಗಿಲ್ಲ.

ಈಗ ವಿಷಯಕ್ಕೆ ಬರ್ತೀನಿ.

ರಕ್ತಹೀನತೆ ಅಂದ್ರೆ ಮೈಯಲ್ಲಿ ರಕ್ತ ಬತ್ತಿಹೋಗೋದಲ್ಲ. ರಕ್ತದಲ್ಲಿ ಉಸಿರನ್ನ ಹೊತ್ತುಕೊಂಡು ಹೋಗೋ ಹಿಮೋಗ್ಲೋಬಿನ್ ಕಮ್ಮಿಯಾಗೋದು. ಲೆಕ್ಕ ಹಿಂಗಿದೆ: ಗರ್ಭಿಣಿಯರಿಗೆ 11, ಉಳಿದ ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಗರ್ಭಿಣಿಗೆ 7ಕ್ಕಿಂತ ಕಮ್ಮಿ ಬಂದರೆ ತೀವ್ರ, ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು. ಈ ನಂಬರುಗಳನ್ನ ನಮ್ಮ ಹುಡುಗರು ಮೊಬೈಲ್ ನಂಬರ್ ಥರ ಬಾಯಿಪಾಠ ಮಾಡ್ಕೋಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ 57 ಜನಕ್ಕೆ ರಕ್ತಹೀನತೆ. ನಮ್ಮ ಕರ್ನಾಟಕದಲ್ಲಿ ಸುಮಾರು 48. ಐದು ವರ್ಷದೊಳಗಿನ ಮಕ್ಕಳಲ್ಲಿ ಕರ್ನಾಟಕದ್ದು 65 ದಾಟುತ್ತೆ. ಜಾತಿವಾರು ನೋಡಿದರೆ ದೇಶದಲ್ಲಿ ಪರಿಶಿಷ್ಟ ಜಾತಿ ಹೆಂಗಸರಲ್ಲಿ 59, ಪರಿಶಿಷ್ಟ ಪಂಗಡದಲ್ಲಿ ಸುಮಾರು 65. ಅಂದ್ರೆ ಇದು ಎಲ್ಲ ಜಾತೀಲೂ ಇರೋ ಕಾಯಿಲೆ, ಆದರೆ ಕೇರಿಗೆ, ಹಟ್ಟಿಗೆ, ಹಾಡಿಗೆ ಬಂದಾಗ ಇನ್ನೊಂದು ಹಿಡಿ ಜಾಸ್ತಿ.

ಇದಕ್ಕೆ ಸರ್ಕಾರ ಮಾತ್ರೆ ಕೊಡೋಕೆ ಶುರು ಮಾಡಿದ್ದು ನಿನ್ನೆ ಮೊನ್ನೆ ಅಲ್ಲ, 1970ರಲ್ಲಿ. 2018ರಲ್ಲಿ ರಕ್ತಹೀನತೆ ಮುಕ್ತ ಭಾರತ ಅಂತ ಬಂತು. 2023ರಲ್ಲಿ ನಮ್ಮ ರಾಜ್ಯದ್ದೇ ಅನೀಮಿಯಾ ಮುಕ್ತ ಪೌಷ್ಟಿಕ ಕರ್ನಾಟಕ ಬಂತು. 50 ವರ್ಷಕ್ಕೂ ಮೇಲೆ ಮಾತ್ರೆ ಹಂಚಿದರೂ ಅರ್ಧಕ್ಕರ್ಧ ಹೆಂಗಸರಿಗೆ ರಕ್ತ ಕಮ್ಮಿ ಅಂದ್ರೆ, ತಪ್ಪು ಹೆಂಗಸರದ್ದಾ, ಹಂಚೋ ರೀತಿಯದ್ದಾ?

ಈ ಪ್ರಶ್ನೆಗೆ ನಮ್ಮ ಕರ್ನಾಟಕದಲ್ಲೇ ಉತ್ತರ ಹುಡುಕಿದಾರೆ. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ.

2008ರಲ್ಲಿ ಡಾ. ಸಂತ್-ರೇನ್ ಪಸ್ರಿಚಾ, ಡಾ. ಅರುಣ್ ಶೇಟ್, ನಮ್ಮ ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಮುಂತಾದವರು ಸೇರಿ ಕರ್ನಾಟಕದ ಹಳ್ಳಿಗಳಲ್ಲಿ ಒಂದರಿಂದ ಎರಡು ವರ್ಷದೊಳಗಿನ ಸುಮಾರು 400 ಮಕ್ಕಳ ರಕ್ತ ಪರೀಕ್ಷೆ ಮಾಡಿದರು. 100ಕ್ಕೆ 75 ಮಕ್ಕಳಿಗೆ ರಕ್ತಹೀನತೆ. ಕಾರಣ ಏನು ಅಂತ ಹುಡುಕಿದಾಗ ಮೈಯಲ್ಲಿ ಕಬ್ಬಿಣ ಇಲ್ಲದ್ದರ ಜೊತೆಗೆ ಇನ್ನೆರಡು ಸಿಕ್ಕವು. ಒಂದು, ತಾಯಿಯ ಹಿಮೋಗ್ಲೋಬಿನ್. ಇನ್ನೊಂದು, ಮನೆಯ ಬಡತನ ಮತ್ತು ಊಟಕ್ಕೆ ಗ್ಯಾರಂಟಿ ಇಲ್ಲದ್ದು. ತಾಯಿ ಬಿಳಿಚಿಕೊಂಡಿದ್ದರೆ ಮಗುವೂ ಬಿಳಿಚಿಕೊಳ್ಳುತ್ತೆ. ಹೊಲ ಇಲ್ಲದವರ ಮನೇಲಿ ಆಸ್ತಿಗೆ ಬದಲಾಗಿ ಇದೇ ತಾಯಿಯಿಂದ ಮಗುವಿಗೆ ಇಳಿದು ಬರುತ್ತೆ.

ಆಮೇಲೆ ಅರುಣ್ ಶೇಟ್ ಮತ್ತು ಸಂಗಡಿಗರು ಚಾಮರಾಜನಗರ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ಮಾಡಿದರು. 55 ಹಳ್ಳಿ ತಗೊಂಡು ಚೀಟಿ ಎತ್ತೋ ಥರ ಎರಡು ಪಾಲು ಮಾಡಿದರು. ಯಾವ ಹಳ್ಳಿ ಯಾವ ಪಾಲಿಗೆ ಅನ್ನೋದು ಯಾರ ಕೈಯಲ್ಲೂ ಇರಲಿಲ್ಲ. ರಕ್ತಹೀನತೆ ಇದ್ದ ಒಂದರಿಂದ ಐದು ವರ್ಷದೊಳಗಿನ 534 ಮಕ್ಕಳು. ಎರಡೂ ಪಾಲಿನ ಮಕ್ಕಳಿಗೂ ಅದೇ ಕಬ್ಬಿಣದ ಔಷಧಿ. ವ್ಯತ್ಯಾಸ ಒಂದೇ. ಒಂದು ಪಾಲಿನ ಹಳ್ಳಿಗಳಲ್ಲಿ, ಡಾಕ್ಟರೂ ಅಲ್ಲದ ನರ್ಸೂ ಅಲ್ಲದ, ತರಬೇತಿ ಕೊಟ್ಟ ಹಳ್ಳಿಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ, ತಾಯಂದಿರ ಜೊತೆ ಕೂತು ಮಾತಾಡಿದರು. ಈ ಕಾಯಿಲೆ ಏನು, ಔಷಧಿ ಹೆಂಗೆ ಕೊಡಬೇಕು, ಯಾವ ಊಟ ಕೊಡಬೇಕು, ವಾಂತಿಯಾದರೆ ಏನು ಮಾಡಬೇಕು, ಹೋದ ತಿಂಗಳ ಔಷಧಿ ಎಷ್ಟು ಉಳಿದಿದೆ, ಯಾಕೆ ಉಳೀತು. ಅಷ್ಟೇ.

ಫಲಿತಾಂಶ 2019ರಲ್ಲಿ ಜಾಮಾ ಪೀಡಿಯಾಟ್ರಿಕ್ಸ್ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಾಮೂಲಿ ಔಷಧಿ ಮಾತ್ರ ಸಿಕ್ಕ ಕಡೆ 100ಕ್ಕೆ 41 ಮಕ್ಕಳು ವಾಸಿಯಾದರು. ಔಷಧಿ ಜೊತೆ ಕೂತು ಮಾತಾಡಿದ ಕಡೆ ಸುಮಾರು 56. ಇನ್ನೊಂದು ಹದಿನೈದು ಮಕ್ಕಳನ್ನ ವಾಸಿ ಮಾಡಿದ್ದು ಹೊಸ ಮಾತ್ರೆ ಅಲ್ಲ, ಮನೆಗೆ ಬಂದ ಹೆಣ್ಣುಮಗಳು.

ಹುಣಸೆಮರದ ಕೆಳಗಿನ ಹುಡುಗನಿಗೆ ನನ್ನ ಉತ್ತರ ಇದು. ನಮ್ ಕಡೆ ಹೆಂಗಸ್ರು ಹಂಗಲ್ಲಪ್ಪ. ಕೂತು ಹೇಳಿದರೆ ತಿಂತಾರೆ, ತಿನ್ನಿಸ್ತಾರೆ. ಚಾಮರಾಜನಗರದ ಬಡ ಹಳ್ಳಿಗಳ ತಾಯಂದಿರು ಅದನ್ನ ತೋರಿಸಿಕೊಟ್ಟಿದಾರೆ. ನೀನು ಕೂತು ಹೇಳಿದೆಯಾ?

ಈಗ ಬರೋ ಪ್ರಶ್ನೆ ಯಾವ ವೈದ್ಯಕೀಯ ಪತ್ರಿಕೆಯಲ್ಲೂ ಇರಲ್ಲ. ನಮ್ಮ ಕೇರಿಯ ಮನೆಯೊಳಗೆ ಬಂದು ಯಾರು ಕೂರ್ತಾರೆ?

ಸಾವಿರ ಜನಕ್ಕೆ ಒಬ್ಬರು ಆಶಾ. ಊರು, ಕೇರಿ ಎರಡಕ್ಕೂ ಒಬ್ಬರೇ. ಎಷ್ಟೋ ಕಡೆ ಆ ಅಕ್ಕ ಊರಿನವರು. ಒಳ್ಳೆಯವರು, ಕೆಲಸ ಮಾಡೋರು ಬೇಕಾದಷ್ಟು ಜನ ಇದಾರೆ, ರಾತ್ರಿ ಹನ್ನೆರಡಕ್ಕೆ ನಮ್ಮ ಹೆಣ್ಣುಮಗಳ ಜೊತೆ ಆಂಬುಲೆನ್ಸ್ ಹತ್ತಿದೋರನ್ನ ನಾನೇ ನೋಡಿದೀನಿ. ಆದರೆ ಹೊಸ್ತಿಲಾಚೆ ನಿಂತು "ಮಾತ್ರೆ ಇಸ್ಕಳಮ್ಮ" ಅಂತ ಕೂಗಿ, ಮೇಲಿಂದ ಕೈಗೆ ಬೀಳಿಸಿ ಹೋಗೋರನ್ನೂ ನೋಡಿದೀನಿ. ನೀರು ಕೊಟ್ಟರೆ "ಈಗ ತಾನೆ ಕುಡ್ದೆ" ಅಂತಾರೆ. ಚಾಪೆ ಹಾಸಿದರೆ "ಹೊತ್ತಾಯ್ತು" ಅಂತಾರೆ. ಮನೆಯೊಳಗೆ ಕೂರದೋರಿಗೆ ನಮ್ಮ ಹೆಣ್ಣುಮಗಳು ಮಲ ಕಪ್ಪಾಗ್ತೈತೆ ಅನ್ನೋ ಮಾತನ್ನ ಹೆಂಗೆ ಹೇಳ್ತಾಳೆ? ಮುಟ್ಟಲ್ಲಿ ಜಾಸ್ತಿ ಹೋಗ್ತೈತೆ ಅನ್ನೋದನ್ನ ಬೀದಿಯಲ್ಲಿ ನಿಂತು ಹೇಳೋಕಾಗುತ್ತಾ?

ಅಸ್ಪೃಶ್ಯತೆ ಅಂದ್ರೆ ಹೋಟ್ಲಲ್ಲಿ ಬೇರೆ ಲೋಟ, ದೇವಸ್ಥಾನಕ್ಕೆ ಬಿಡದಿರೋದು ಅಂತ ನಾವು ಪಟ್ಟಿ ಮಾಡ್ತೀವಿ. ಆ ಪಟ್ಟಿಗೆ ಇದನ್ನೂ ಸೇರಿಸಿ. ಆರೋಗ್ಯದ ಮಾತು ಹೊಸ್ತಿಲಲ್ಲೇ ನಿಲ್ಲೋದೂ ಅಸ್ಪೃಶ್ಯತೆ. ಇದು ಕಣ್ಣಿಗೆ ಕಾಣಲ್ಲ, ಕೇಸ್ ಹಾಕೋಕಾಗಲ್ಲ, ಹಿಮೋಗ್ಲೋಬಿನ್‌ನಲ್ಲಿ ಕಾಣುತ್ತೆ.

ಆಶಾ ಅಕ್ಕಂದಿರ ಮೇಲೆ ಎಲ್ಲಾ ಹೊರಿಸೋದೂ ಸರಿಯಲ್ಲ. 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹಗಲೂ ರಾತ್ರಿ ಕೂತಿದ್ದು ತಿಂಗಳ ಗೌರವಧನ ಖಾತ್ರಿ ಮಾಡಿ ಅಂತ ಕೇಳೋಕೆ. ಮಾತ್ರೆ ಹಂಚಿದ ಲೆಕ್ಕವನ್ನ ಸರ್ಕಾರ ಕೇಳುತ್ತೆ, ಮಾತಾಡಿದ ಹೊತ್ತಿಗೆ ದುಡ್ಡು ಕೊಡಲ್ಲ. ಹಂಗಾಗಿ ಮಾತು ಬಿಟ್ಟೋಗುತ್ತೆ. ಅವರ ಹೋರಾಟ ನಮ್ಮ ಹೋರಾಟನೂ ಹೌದು.

ಇನ್ನು ಪರೀಕ್ಷೆಯ ವಿಷಯ. ಇದರಲ್ಲಿ ದೊಡ್ಡೋರ ನಡುವೆ ಒಂದು ಜಗಳ ನಡೀತಿದೆ, ಅದು ನಮಗೂ ತಟ್ಟುತ್ತೆ.

ಬೆರಳು ಚುಚ್ಚಿ ತೆಗೆಯೋ ರಕ್ತದಲ್ಲಿ ಲೆಕ್ಕ ಹೆಚ್ಚುಕಮ್ಮಿ ಬರುತ್ತೆ. ಬೆರಳನ್ನ ಜೋರಾಗಿ ಹಿಂಡಿದರೆ ರಕ್ತದ ಜೊತೆ ಮೈನೀರೂ ಸೇರಿ ನಂಬರ್ ತಪ್ಪಾಗಬಹುದು. ರಕ್ತನಾಳದಿಂದ ತೆಗೆದು ಮಿಷನ್‌ನಲ್ಲಿ ಮಾಡಿದ ಪರೀಕ್ಷೆ ಹೆಚ್ಚು ನಂಬಿಕೆಯದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿದೆ. 2016-18ರಲ್ಲಿ ಮಕ್ಕಳ ಸಮೀಕ್ಷೆಯೊಂದರಲ್ಲಿ ದೇಶದಾದ್ಯಂತ ರಕ್ತನಾಳದಿಂದ ರಕ್ತ ತೆಗೆದು ನೋಡಿದಾಗ, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ 41 ಬಂತು. ಅದಕ್ಕೆ ಸ್ವಲ್ಪ ಮುಂಚೆ ಬೆರಳು ಚುಚ್ಚಿ ಮಾಡಿದ ಕುಟುಂಬ ಸಮೀಕ್ಷೆಯಲ್ಲಿ ಐದರೊಳಗಿನ ಮಕ್ಕಳದ್ದು 58 ದಾಟಿತ್ತು. ಭಾರತದವರಿಗೆ 12, 11 ಅನ್ನೋ ಗೆರೆಯೇ ಮೇಲಿದೆ, ಇಳಿಸಬೇಕು ಅಂತ ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಅನುರಾ ಕುರ್ಪಾಡ್ ಅಂಥ ವಿಜ್ಞಾನಿಗಳು ವಾದ ಮಾಡ್ತಿದಾರೆ. ಕುಟುಂಬ ಸಮೀಕ್ಷೆಯ ಮುಂದಿನ ಸುತ್ತಿನಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯನ್ನೇ ಕೈಬಿಟ್ಟು ಬೇರೆ ಸಮೀಕ್ಷೆಗೆ ಹಾಕಿದರು.

ವಿಜ್ಞಾನಿಗಳು ಸರಿಯಾಗಿ ಅಳೀಬೇಕು ಅನ್ನೋದು ನ್ಯಾಯವಾದ ಮಾತು. ತಪ್ಪು ನಂಬರಿನಿಂದ ನಮಗೂ ಲಾಭ ಇಲ್ಲ. ಆದರೆ ನನಗೆ ಒಂದು ಭಯ. ಗೆರೆ ಇಳಿಸಿದ ದಿನ ಕಾಗದದ ಮೇಲೆ ಲಕ್ಷಾಂತರ ಹೆಂಗಸರು ವಾಸಿಯಾಗಿಬಿಡ್ತಾರೆ. ಕಡ್ಲೆಕಾಯಿ ಹೊಲದಲ್ಲಿ ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಕೂರೋ ನಮ್ಮಕ್ಕ ಮಾತ್ರ ಅಲ್ಲೇ ಕೂತಿರ್ತಾಳೆ. ಗೆರೆ ಎಲ್ಲೇ ಎಳೆಯಿರಿ, ಗೆರೆಯ ಕೆಳಗೆ ಉಳಿಯೋರು ಯಾರು ಅಂತ ಜಾತಿವಾರು ಲೆಕ್ಕ ಕೊಡಿ. ಅದನ್ನ ಮಾತ್ರ ಬಿಡಬೇಡಿ.

ಇನ್ನೊಂದು. ಹಿಮೋಗ್ಲೋಬಿನ್ ಕಮ್ಮಿ ಅನ್ನೋದು ಜ್ವರ ಇದೆ ಅಂದ ಹಾಗೆ, ಕಾರಣ ಹೇಳಲ್ಲ. ಕಬ್ಬಿಣ ಕಮ್ಮಿ ಇರಬಹುದು. ಬಿ12, ಫೋಲಿಕ್ ಆಸಿಡ್ ಕಮ್ಮಿ ಇರಬಹುದು. ಹೊಟ್ಟೆಯಲ್ಲಿ ಕೊಕ್ಕೆಹುಳ ಇರಬಹುದು, ಬರಿಗಾಲಲ್ಲಿ ಬಯಲಿಗೆ ಹೋಗೋರಿಗೆ ಅದು ಹತ್ತುತ್ತೆ. ಮುಟ್ಟಿನ ತೊಂದರೆ ಇರಬಹುದು. ಹುಟ್ಟಿನಿಂದ ಬಂದ ಸಿಕಲ್ ಸೆಲ್, ಥಲಸ್ಸೇಮಿಯಾ ಇರಬಹುದು. ಎಲ್ಲಕ್ಕೂ ಒಂದೇ ಕೆಂಪು ಮಾತ್ರೆ ಸಾಕಾಗಲ್ಲ. ಒಂದೆರಡು ತಿಂಗಳು ಸರಿಯಾಗಿ ಮಾತ್ರೆ ತಿಂದರೂ ನಂಬರ್ ಏರದಿದ್ದರೆ, "ನೀನು ತಿಂದಿಲ್ಲ" ಅಂತ ಬಯ್ಯೋದು ಬಿಟ್ಟು ಸಂಪೂರ್ಣ ರಕ್ತ ಪರೀಕ್ಷೆ, ಕಬ್ಬಿಣದ ದಾಸ್ತಾನು ತೋರಿಸೋ ಫೆರಿಟಿನ್ ಪರೀಕ್ಷೆ ಬರೀಬೇಕು. ಅದಕ್ಕಾಗಿ ವೈ.ಎನ್.ಹೊಸಕೋಟೆಯ ಕೂಲಿ ಹೆಂಗಸು ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಊರೂರು ಅಲೀಬೇಕಾ? ರಕ್ತದ ಸ್ಯಾಂಪಲ್ ಇಲ್ಲಿಂದ ಅಲ್ಲಿಗೆ ಹೋಗಲಿ, ಹೆಂಗಸು ಯಾಕೆ ಹೋಗಬೇಕು?

"ಮಾತ್ರೆ ಯಾಕೆ, ಡ್ರಿಪ್‌ನಲ್ಲಿ ಕಬ್ಬಿಣ ಹಾಕಿದರೆ ಒಂದೇ ಸಲಕ್ಕೆ ಮುಗೀತು" ಅಂತ ಕೆಲವರು ಹೇಳ್ತಾರೆ. ಇದರ ಮೇಲೂ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಹೊರದೇಶದ ವಿಶ್ವವಿದ್ಯಾಲಯದ ಜೊತೆ ಸೇರಿ ಕರ್ನಾಟಕ, ರಾಜಸ್ಥಾನದಲ್ಲಿ 4,320 ಗರ್ಭಿಣಿಯರನ್ನ ಸೇರಿಸಿಕೊಂಡು ಡ್ರಿಪ್‌ಗೂ ಮಾತ್ರೆಗೂ ಹೋಲಿಸಿ ದೊಡ್ಡ ಪ್ರಯೋಗ ಮಾಡಿದಾರೆ. ಮೇಲೆ ಹೇಳಿದ ಪಸ್ರಿಚಾ ಅವರೇ ಆಫ್ರಿಕಾದ ಮಲಾವಿ ದೇಶದಲ್ಲಿ ಇಂಥದ್ದೇ ಪ್ರಯೋಗ ಮಾಡಿ 2023ರಲ್ಲಿ ಪ್ರಕಟಿಸಿದರು. ಅಲ್ಲಿ ಹೆರಿಗೆ ಹತ್ತಿರ ಬಂದಾಗ ನೋಡಿದರೆ ರಕ್ತಹೀನತೆ ಉಳಿದವರ ಲೆಕ್ಕದಲ್ಲಿ ಡ್ರಿಪ್‌ಗೂ ಮಾತ್ರೆಗೂ ಹೇಳಿಕೊಳ್ಳೋವಂಥ ವ್ಯತ್ಯಾಸ ಬರಲಿಲ್ಲ. ಡ್ರಿಪ್ ಬೇಡ ಅಂತ ಇದರರ್ಥ ಅಲ್ಲ. ದಿನ ಹತ್ತಿರ ಬಂದೋರಿಗೆ, ಮಾತ್ರೆ ಒಗ್ಗದೋರಿಗೆ ಅದು ಬೇಕೇ ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಯಾವಾಗಲೂ ಇರಬೇಕು. ಆದರೆ ಸೂಜಿ ಬಂತು, ಇನ್ನು ಮಾತು ಬೇಡ ಅಂತ ಯಾರಾದರೂ ಅಂದ್ರೆ ನಂಬಬೇಡಿ.

ಇಲ್ಲಿ ಒಂದು ಹಳೇ ಕಥೆ ಹೇಳಲೇಬೇಕು. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ಡಾಕ್ಟರಮ್ಮ ಮುಂಬೈಗೆ ಬಂದರು. ಬಟ್ಟೆ ಮಿಲ್ಲುಗಳಲ್ಲಿ ದುಡಿಯೋ ಬಡ ಗರ್ಭಿಣಿಯರು ರಕ್ತಹೀನತೆಯಿಂದ ಯಾಕೆ ಸಾಯ್ತಿದಾರೆ ಅಂತ ಹುಡುಕೋಕೆ. ಅವರು ಬರೀ ರಕ್ತ ನೋಡಲಿಲ್ಲ, ಆ ಹೆಂಗಸರು ಏನು ತಿಂತಾರೆ ಅಂತ ನೋಡಿದರು. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಅನ್ನೋ ಅಗ್ಗದ ಪದಾರ್ಥ ತಿನ್ನಿಸಿ ವಾಸಿ ಮಾಡಿ ತೋರಿಸಿದರು. ಅದರಲ್ಲಿದ್ದ ಅಂಶಕ್ಕೆ ಆಮೇಲೆ ಫೋಲಿಕ್ ಆಸಿಡ್ ಅಂತ ಹೆಸರು ಬಂತು. ಇವತ್ತು ನಮ್ಮ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇರೋದು ಅದೇ.

ಅದೇ 1928ರಲ್ಲಿ, ಅದೇ ಮುಂಬೈಯಲ್ಲಿ, ಬಾಬಾಸಾಹೇಬರು ಶಾಸನ ಪರಿಷತ್ತಿನಲ್ಲಿ ಎದ್ದು ನಿಂತು ಹೆಣ್ಣು ಕಾರ್ಮಿಕರಿಗೆ ಹೆರಿಗೆ ಸೌಲಭ್ಯದ ಮಸೂದೆ ಪರ ಮಾತಾಡಿದರು. ಒಬ್ಬರು ಮಿಲ್ಲಿನ ಹೆಣ್ಣುಮಗಳ ರಕ್ತ ನೋಡಿದರು. ಇನ್ನೊಬ್ಬರು ಅವಳ ಕೂಲಿ, ಅವಳ ವಿಶ್ರಾಂತಿ ನೋಡಿದರು. ಅವಳು ಬದುಕೋಕೆ ಎರಡೂ ಬೇಕಿತ್ತು. ನಮಗೆ ಈಗಲೂ ಎರಡೂ ಬೇಕು.

ಊಟದ ಮಾತು ಬಂತಲ್ಲ, ಅದನ್ನೂ ಹೇಳ್ತೀನಿ. ಸೊಪ್ಪು, ಕಾಳು, ರಾಗಿಯಲ್ಲಿ ಕಬ್ಬಿಣ ಇದೆ, ಆದರೆ ಅದರಲ್ಲಿ ಮೈಗೆ ಹತ್ತೋದು ಸ್ವಲ್ಪ. ಮಾಂಸ, ಈಲಿ, ರಕ್ತದಲ್ಲಿರೋ ಕಬ್ಬಿಣ ಅದಕ್ಕಿಂತ ಎಷ್ಟೋ ಚೆನ್ನಾಗಿ ಹತ್ತುತ್ತೆ. ನಮ್ಮ ಅಜ್ಜಿಯರ ಕಾಲದಲ್ಲಿ ಬಾಣಂತಿಗೆ ಏನು ಬೇಯಿಸ್ತಿದ್ದರು ಅಂತ ನಿಮ್ಮ ಮನೆಯಲ್ಲೇ ಕೇಳಿ. ಬಡವರ ಕೈಗೆ ಎಟುಕೋ ಅಗ್ಗದ ಮಾಂಸ ಯಾವುದಿತ್ತು ಅಂತ ಎಲ್ಲರಿಗೂ ಗೊತ್ತು. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದದ್ದೆಲ್ಲಾ ಅಪರಾಧ ಅಂತು. ಒಂದು ಕೈಯಲ್ಲಿ ತಟ್ಟೆಯಿಂದ ಕಬ್ಬಿಣ ತೆಗೆದು, ಇನ್ನೊಂದು ಕೈಯಲ್ಲಿ ಕಬ್ಬಿಣದ ಮಾತ್ರೆ ಕೊಟ್ಟು, ತಿಂದಿಲ್ಲ ಅಂತ ಬಯ್ತಾರೆ. ಶಾಲೆ ಮಕ್ಕಳ ಮೊಟ್ಟೆಗೂ ಎಷ್ಟು ವರ್ಷ ಜಗಳ ಆಯ್ತು ನೆನಪಿದೆಯಲ್ಲ.

2017ರಲ್ಲಿ ಬಂದ ಮಾತೃಪೂರ್ಣ ಒಳ್ಳೆ ಯೋಜನೆ. ಗರ್ಭಿಣಿ, ಬಾಣಂತಿಯರು ಅಂಗನವಾಡಿಯಲ್ಲಿ ಬಿಸಿಯೂಟ ಮಾಡಿ, ಅಲ್ಲೇ ಮಾತ್ರೆ ನುಂಗಬೇಕು. ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಯೋಚಿಸೋಕಾಗಲ್ಲ. ಆದರೆ ಅಂಗನವಾಡಿ ಊರೊಳಗೆ ಇದ್ದರೆ, ಏಳು ತಿಂಗಳ ಬಸುರಿ ಬಿಸಿಲಲ್ಲಿ ನಡೆದು ಹೋಗಿ, ಕೊನೆ ಸಾಲಲ್ಲಿ ಕೂತು ಉಣ್ಣೋಕೆ ಹೋಗ್ತಾಳಾ? ಹೊಲದಲ್ಲಿ ಕೂಲಿ ಮಾಡೋಳು ಮಧ್ಯಾಹ್ನ ವಾಪಸ್ ಬರೋಕಾಗುತ್ತಾ?

ಕೊನೆಗೆ ನೀರು. ಪಾವಗಡ ಅಂದ್ರೆ ಫ್ಲೋರೈಡ್ ಅನ್ನೋದು ರಾಜ್ಯಕ್ಕೆಲ್ಲಾ ಗೊತ್ತು. ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದು, ಮೂಳೆ ಬಾಗಿದ್ದು ನೋಡಿ ಬೆಳೆದೋರು ನಾವು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ಮಾನದಂಡ, ನಮ್ಮ ಬೋರ್‌ವೆಲ್‌ಗಳಿಗೆ ಅದು ಗೊತ್ತಿಲ್ಲ. ಆದರೆ ಇದಕ್ಕೂ ರಕ್ತಕ್ಕೂ ಸಂಬಂಧ ಇರಬಹುದು ಅಂತ ಎಷ್ಟು ಜನಕ್ಕೆ ಗೊತ್ತು? ದಿಲ್ಲಿಯಲ್ಲಿ ಡಾ. ಎ.ಕೆ. ಸುಶೀಲಾ ಮತ್ತು ಸಂಗಡಿಗರು ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಇದ್ದು, ರಕ್ತ ಕಮ್ಮಿ ಇದ್ದ ಗರ್ಭಿಣಿಯರ ಮೇಲೆ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ನೀರು, ಊಟದಿಂದ ಫ್ಲೋರೈಡ್ ತೆಗೆಸಿ, ಒಳ್ಳೆ ಆಹಾರದ ಸಲಹೆ ಕೊಟ್ಟಾಗ ಹಿಮೋಗ್ಲೋಬಿನ್ ಏರಿತು, ಕಮ್ಮಿ ತೂಕದ ಮಕ್ಕಳು ಹುಟ್ಟೋದು ಇಳಿಯಿತು. ಕರುಳಿನ ಒಳಪದರಕ್ಕೆ ಫ್ಲೋರೈಡ್ ಪೆಟ್ಟು ಕೊಟ್ಟರೆ ತಿಂದದ್ದು ಹತ್ತಲ್ಲ ಅನ್ನೋದು ಅವರ ವಿವರಣೆ.

ಅದು ಚಿಕ್ಕ ಅಧ್ಯಯನ. ಅದೊಂದರಿಂದ ಎಲ್ಲಾ ಸಾಬೀತಾಯ್ತು ಅಂತ ನಾನು ಹೇಳಲ್ಲ. ನಾನು ಹೇಳೋದು ಇಷ್ಟೇ: ಈ ಪ್ರಶ್ನೆಗೆ ದೊಡ್ಡ ಪ್ರಯೋಗ ಮಾಡೋದಾದರೆ ನಮ್ಮ ತಾಲ್ಲೂಕಿಗಿಂತ ತಕ್ಕ ಜಾಗ ಯಾವುದು? ಸಂಶೋಧನೆ ಅಂದ್ರೆ ನಾವು ಹೆದರಬೇಕಾಗಿಲ್ಲ. ಬನ್ನಿ, ಮಾಡಿ. ಆದರೆ ಯಾಕೆ ರಕ್ತ ತಗೋತೀವಿ ಅಂತ ನಮ್ಮ ಭಾಷೆಯಲ್ಲಿ ಹೇಳಿ. ಇಲ್ಲಿ ತೆಲುಗು ಮನೆಮಾತಿನೋರು ಬಹಳ ಇದಾರೆ, ಅವರಿಗೆ ತೆಲುಗಲ್ಲಿ ಹೇಳಿ. ಬೇಡ ಅಂದೋರ ಮೇಲೆ ಸಿಟ್ಟಾಗಬೇಡಿ. ಫಲಿತಾಂಶವನ್ನ ಮೊದಲು ರಕ್ತ ಕೊಟ್ಟೋರ ಕೈಗೆ ಕೊಡಿ, ಆಮೇಲೆ ಅಮೆರಿಕದ ಪತ್ರಿಕೆಗೆ ಕಳಿಸಿ.

ಆಮೇಲೆ, ತುಂಗಭದ್ರಾ ಹಿನ್ನೀರಿನ ನೀರು ಊರಿಗೆ ಬರೋವಾಗ ಕೇರಿಯ ಕೊನೇ ನಲ್ಲಿಗೂ ಬಂತಾ ಅಂತ ನೋಡೋದು ನಮ್ಮ ಕೆಲಸ. ಮಹಾಡದ ಕೆರೆ ನೀರು ಮುಟ್ಟಿ 100 ವರ್ಷ ಆಗ್ತಾ ಬಂತು. ನಾವಿನ್ನೂ ಐದು ರೂಪಾಯಿ ಕಾಯಿನ್ ಹಾಕಿ, ಕೆಟ್ಟು ನಿಂತ ಘಟಕದ ಮುಂದೆ ಕ್ಯಾನ್ ಹಿಡ್ಕೊಂಡು ನಿಂತಿದೀವಿ.

ಹಂಗಾದ್ರೆ ಏನು ಮಾಡೋಣ? ಘೋಷಣೆ ಕೂಗೋಕಲ್ಲ, ಕೇಳಿ ಪಡೆಯೋಕೆ ನಾಲ್ಕು ಮಾತು:

1. ಬೆರಳು ಚುಚ್ಚಿದ ಪ್ರತಿ ಹೆಣ್ಣುಮಗಳಿಗೂ ಅವಳ ನಂಬರ್ ಬರೆದ ಚೀಟಿ ಅಥವಾ ತಾಯಿ ಕಾರ್ಡಿನಲ್ಲಿ ನಮೂದು. ಚೀಟಿ ಇಲ್ಲ ಅಂದ್ರೆ ಬೆರಳು ಕೊಡಬೇಡಿ.

2. ಶಿಬಿರ ಕಾಲೊನಿಯೊಳಗೆ ನಡೀಬೇಕು, ಕೂಲಿಗೆ ಹೋಗೋ ಮುಂಚೆ ಇಲ್ಲಾ ಬಂದ ಮೇಲೆ. ಒಂದು ತಿಂಗಳಿಗೆ ಮತ್ತೆ ಪರೀಕ್ಷೆ. ಏರದಿದ್ದರೆ ಕಾರಣ ಹುಡುಕೋ ಪರೀಕ್ಷೆ.

3. ಪ್ರತಿ ಕಾಲೊನಿಗೂ, ಹಟ್ಟಿಗೂ ಅಲ್ಲಿನದೇ ಒಬ್ಬ ಹೆಣ್ಣುಮಗಳಿಗೆ ತರಬೇತಿ ಮತ್ತು ಸಂಬಳ. ಚಾಮರಾಜನಗರದಲ್ಲಿ ಮಾಡಿ ತೋರಿಸಿದ್ದನ್ನ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯಲ್ಲಿ ಮಾಡೋಕೆ ಏನು ಅಡ್ಡಿ? ಪರಿಶಿಷ್ಟರ ಉಪಯೋಜನೆ ದುಡ್ಡು ಇರೋದು ಇಂಥದ್ದಕ್ಕಲ್ಲದೆ ಇನ್ಯಾತಕ್ಕೆ?

4. ಗಂಡಸರಿಗೆ: ಮನೆಯ ಟ್ರಂಕು ತೆಗೆದು ನೋಡಿ. ಕೂಗಾಡೋಕಲ್ಲ, ಕೇಳೋಕೆ. ಮಾತ್ರೆ ನುಂಗೋ ಹೊತ್ತಿಗೆ ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಬೇಡ, ಅವು ಕಬ್ಬಿಣವನ್ನ ಹತ್ತಗೊಡಲ್ಲ. ಅರ್ಧ ನಿಂಬೆಹಣ್ಣು ಹಿಂಡಿದ ನೀರು ಇರಲಿ. ಹೆಂಡತಿ ಉಂಡಳಾ, ಕೊನೆಗೆ ಉಳಿದದ್ದು ಉಂಡಳಾ ಅಂತ ನೋಡಿ. ನಂಬರ್ ತೀರ ಕಮ್ಮಿ ಇದ್ದರೆ, ಎದೆ ಹೊಡ್ಕೊಳ್ಳೋದು, ಏದುಸಿರು ಇದ್ದರೆ ಈ ಬರಹ ಬಿಟ್ಟು ಡಾಕ್ಟರ್ ಹತ್ರ ಹೋಗಿ.

ನನ್ನ ಹೆಂಡತಿ ಓದಿರೋದು ಏಳನೇ ಕ್ಲಾಸು. ಆದರೆ ಅವಳ ಆ 7.2 ಅವಳಿಗೆ ಮರೆತಿಲ್ಲ. ಈಗ ನಮ್ಮ ಬೀದಿಯಲ್ಲಿ ಯಾರಾದರೂ ಬಸುರಿ ಅಂತ ಗೊತ್ತಾದರೆ, ರಾತ್ರಿ ಪಾತ್ರೆ ತೊಳೆದಿಟ್ಟು ಅವರ ಮನೆಗೆ ಹೋಗ್ತಾಳೆ. ಚಾಪೆ ಮೇಲೆ ಕೂರ್ತಾಳೆ. "ಕಪ್ಪುಗೆ ಬತ್ತದಾ? ಬರ್ಲಿ ಬಿಡು, ನಂಗೂ ಬತ್ತಿತ್ತು" ಅಂತಾಳೆ. ಎದುರಿಗೇ ಮಾತ್ರೆ ನುಂಗಿಸಿ ಎದ್ದು ಬರ್ತಾಳೆ. ಅವಳಿಗೆ ಯಾರೂ ಸಂಬಳ ಕೊಡಲ್ಲ, ಅವಳ ಹೆಸರು ಯಾವ ರಿಜಿಸ್ಟರ್‌ನಲ್ಲೂ ಇಲ್ಲ.

ಹೋದ ವಾರ ಆ ಶಿಬಿರದಲ್ಲಿ ಕೊಟ್ಟ ಸ್ಟ್ರಿಪ್‌ಗಳ ಹಿಂದೆ ಬಿದ್ದು ಈಗ ಎಂಟು ಮನೆ ಸುತ್ತಿದಾಳೆ. ಯಾರ ನಂಬರ್ ಎಷ್ಟು ಅಂತ ಅವಳಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಸೋಮವಾರ ಆ ಎಂಟೂ ಜನರನ್ನ ಕರ್ಕೊಂಡು ಆಸ್ಪತ್ರೆಗೆ ಹೋಗ್ತಿದೀವಿ. ಈ ಸಲ ಚೀಟಿ ಇಲ್ಲದೆ ವಾಪಸ್ ಬರಲ್ಲ.

ಬರೋರು ಬನ್ನಿ. ಜೈ ಭೀಮ್.